ವಿಲ್ಮರನ ಪಿಕಪ್ಪೂ ನಾಲಿಗೆಯ ಭಾರವೂ

ನಮ್ಮ ಕೋಲ್ಟರ್ ಊರಿನಲ್ಲಿ ಅರವತ್ತು ದಾಟಿದವರು ಯಾರಾದರೂ ಬಾಯಿ ತುಂಬ ನಕ್ಕರೆ, ಆ ನಗೆಯಲ್ಲಿ ಅರ್ಧಪಾಲು ವಿಲ್ಮರ್ ಹೆಕ್ಟನ ಕೈಕೆಲಸ. ಮೂವತ್ತೆಂಟು ವರ್ಷ ಅವನು ದಂತವೈದ್ಯರ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡಿದವನು. ಕೂದಲೆಳೆಯಷ್ಟು ಏರುಪೇರಾದರೂ ಅವನ ಕಣ್ಣಿಗೆ ಬೀಳುತ್ತಿತ್ತು. ಆದರೆ ಹಲ್ಲಿಗಿಂತ ದೊಡ್ಡದಾದ ಯಾವ ವಸ್ತುವಿನ ವಿಷಯವೂ ಅವನಿಗೆ ತಿಳಿಯದು. ಕಾರಿನ ಬಾನೆಟ್ಟನ್ನು ಅವನು ಜೀವಮಾನದಲ್ಲಿ ಒಂದೇ ಸಲ ಎತ್ತಿದ್ದ. ವೈಪರಿಗೆ ನೀರು ತುಂಬಿಸಲು. ತುಂಬಿಸಿದ್ದು ಎಂಜಿನ್ ಆಯಿಲ್ ಹಾಕುವ ಬಾಯಿಗೆ.

ಇಂಥವನ ಅಂಗಳಕ್ಕೆ ಮೇ ತಿಂಗಳಲ್ಲಿ ಇಪ್ಪತ್ತಾರು ಅಡಿ ಉದ್ದದ ಟ್ರೇಲರ್ ಬಂದು ನಿಂತಿತು. ಹಾಸಿಗೆ, ಒಲೆ, ಫ್ರಿಜ್ಜು, ಕಕ್ಕಸು ಎಲ್ಲ ಇರುವ, ಗಾಲಿಯ ಮೇಲಿನ ಮನೆ ಅದು. ಕೊಂಡವಳು ಅವನ ಹೆಂಡತಿ ಲವೋನ್. ಅದನ್ನು ಎಳೆಯುವ ವಾಹನ ಅವರಲ್ಲಿ ಇರಲಿಲ್ಲ. ಅವರಲ್ಲಿದ್ದ ಕಾರು ತನ್ನನ್ನು ತಾನು ಎಳೆದುಕೊಂಡರೆ ಅದೇ ಪುಣ್ಯ.

ಲವೋನ್ ಸುಮ್ಮನೆ ಕೊಂಡಿರಲಿಲ್ಲ. ಅವಳ ತಾಯಿ ಹುಲ್ಡಾಗೆ ಎಂಬತ್ತೆಂಟು ವರ್ಷ. ಹದಿನಾರರ ಹರೆಯದಲ್ಲಿ ಹುಲ್ಡಾ ಒಂದು ಬೇಸಿಗೆ, ಎರಡು ದಿನದ ದಾರಿಯಾಚೆಯ ಬಿಗ್‌ಹಾರ್ನ್ ಬೆಟ್ಟದ ಮೇಲೆ ಕುರಿ ಕಾಯುವವರ ಬಿಡಾರದಲ್ಲಿ ಅಡಿಗೆ ಮಾಡಿದ್ದಳು. ಅದನ್ನು ಇನ್ನೊಂದು ಸಲ ನೋಡಬೇಕು ಎಂದು ಈಸ್ಟರ್ ಹಬ್ಬದ ದಿನ ಎಲ್ಲರ ಮುಂದೆ ಹೇಳಿಬಿಟ್ಟಳು. ವಿಮಾನ ಹತ್ತುವುದಿಲ್ಲ, ಹೋಟೆಲಿನ ಹಾಸಿಗೆಯಲ್ಲಿ ಮಲಗುವುದಿಲ್ಲ, ಬೇರೆಯವರು ಕೂತ ಕಕ್ಕಸಿನಲ್ಲಿ ಕೂರುವುದಿಲ್ಲ. ಉಳಿದ ದಾರಿ ಟ್ರೇಲರ್ ಒಂದೇ.

ಲವೋನಳ ತಮ್ಮ ರೋಲಿನ್ ಹತ್ತಿರ ದೊಡ್ಡ ಡೀಸೆಲ್ ಪಿಕಪ್ ಇತ್ತು. ಅವನಿಗೆ ಆ ಪಿಕಪ್ ಬಿಟ್ಟು ಬೇರೆ ಮಾತೂ ಇರಲಿಲ್ಲ. "ನಾನೇ ಎಳ್ಕೊಂಡು ಹೋಗ್ತೀನಿ ಬಿಡಿ" ಎಂದ.

"ಎರಡು ದಿನ ಇವನ ಪಕ್ಕ ಕೂತು ಇವನ ಮಾತು ಕೇಳೋದಕ್ಕಿಂತ ಇಲ್ಲೇ ಕಣ್ಣು ಮುಚ್ಚೋದು ವಾಸಿ" ಎಂದಳು ಹುಲ್ಡಾ. ಹೆತ್ತ ಮಗನ ವಿಷಯ.

ಆಗ ವಿಲ್ಮರ್ ತಟ್ಟೆಯಿಂದ ತಲೆಯೆತ್ತಿ, "ನಾನು ಕರ್ಕೊಂಡು ಹೋಗ್ತೀನಿ ಅತ್ತೆ. ಆಗಸ್ಟ್ ಮೊದಲನೇ ಸೋಮವಾರ" ಎಂದುಬಿಟ್ಟ. ತಾರೀಕು ಸಮೇತ ಹೇಳಿದ್ದರಿಂದ ಯಾರಿಗೂ ನಗಲು ಧೈರ್ಯ ಬರಲಿಲ್ಲ.

ಊರಿನ ಧಾನ್ಯದ ಗೋದಾಮಿನಲ್ಲಿ ವೇಬ್ರಿಡ್ಜ್ ನೋಡಿಕೊಳ್ಳುವವನು ನಾನು. ಗೋಧಿ ಲಾರಿಗಳು ಬಂದು ತೂಗುಕಟ್ಟೆಯ ಮೇಲೆ ನಿಲ್ಲುತ್ತವೆ, ನಾನು ಕಿಟಕಿಯೊಳಗಿಂದ ತೂಕ ಓದಿ ಚೀಟಿ ಕೊಡುತ್ತೇನೆ. ನನ್ನ ಕೋಣೆಯಲ್ಲಿ ಬೆಳಿಗ್ಗೆ ಆರರಿಂದ ಕಾಫಿ ಕುದಿಯುತ್ತಿರುತ್ತದೆ. ಊರಿನ ಯಾವ ಸುದ್ದಿಯಾದರೂ ಅಲ್ಲಿ ತೂಗಿಸಿಕೊಂಡ ಮೇಲೆಯೇ ಮುಂದೆ ಹೋಗುವುದು. ಒಂದು ಮಂಗಳವಾರ ರೋಲಿನ್ ಅಲ್ಲಿ ನಾಲ್ಕು ಜನರ ಎದುರು ಭಾವನನ್ನು ಹಿಡಿದುಕೊಂಡ.

"ಏನಪ್ಪ ವಿಲ್ಮರ್, ಯಾವ ಎಂಜಿನ್ ತಗೋಬೇಕು ಅಂತಿದ್ದೀಯ? ಪೆಟ್ರೋಲೋ, ಡೀಸೆಲ್ಲೋ? ಇಲ್ಲ, ಹಲ್ಲು ಕೊರೆಯೋ ಮೆಷಿನ್ನೇ ಸಾಕಾಗುತ್ತಾ?"

ವಿಲ್ಮರ್ ಆ ದಿನ ಬೆಳಿಗ್ಗೆ ಕ್ಷೌರದಂಗಡಿಯಲ್ಲಿ ಕಾಯುತ್ತ ಕೂತಾಗ ಯಾವುದೋ ಪುಸ್ತಿಕೆಯ ಒಂದೂವರೆ ಪುಟ ಓದಿದ್ದ. ಅದರಲ್ಲಿ ಒಂದೇ ಒಂದು ಮಾತು ತಲೆಯಲ್ಲಿ ಉಳಿದಿತ್ತು. ಕಾಫಿ ಲೋಟ ಕೆಳಗಿಟ್ಟು ಅದನ್ನೇ ಗಂಭೀರವಾಗಿ ಹೇಳಿದ:

"ಅದು ನಾಲಿಗೆಯ ಭಾರದ ಮೇಲೆ ಹೋಗುತ್ತೆ."

ಟ್ರೇಲರಿನ ಮುಂದೆ ಚಾಚಿಕೊಂಡಿರುವ ಕಬ್ಬಿಣದ ಮೂತಿಗೆ ನಾಲಿಗೆ ಎನ್ನುತ್ತಾರೆ. ಅದು ಪಿಕಪ್ಪಿನ ಹಿಂಭಾಗದ ಮೇಲೆ ಎಷ್ಟು ಒತ್ತಿ ಕೂರುತ್ತದೋ ಅದು ನಾಲಿಗೆಯ ಭಾರ. ಇದು ನನಗೆ ಗೊತ್ತಿತ್ತು. ಹದಿನೈದು ವರ್ಷದಿಂದ ದೋಣಿ, ದನ, ಹುಲ್ಲು ಎಲ್ಲ ಎಳೆದ ರೋಲಿನ್‌ಗೆ ಗೊತ್ತಿರಲಿಲ್ಲ. ಹೇಳಿದ ವಿಲ್ಮರನಿಗೂ ಗೊತ್ತಿರಲಿಲ್ಲ. ಅವನು ಎರಡನೇ ಪುಟದ ಕೆಳಭಾಗ ತಲುಪುವಷ್ಟರಲ್ಲಿ ಕ್ಷೌರಿಕ ಕರೆದಿದ್ದ.

"ಅದೇನದು?" ಎಂದ ರೋಲಿನ್.

"ಗೊತ್ತಿಲ್ವಾ?" ಎಂದ ವಿಲ್ಮರ್, ಮತ್ತು ಟೊಪ್ಪಿ ಎತ್ತಿಕೊಂಡು ಹೊರಟುಹೋದ. ಇಷ್ಟು ಸರಿಯಾದ ಗಳಿಗೆಯಲ್ಲಿ ಅವನು ಅದುವರೆಗೆ ಎಲ್ಲಿಂದಲೂ ಎದ್ದು ಹೋದದ್ದಿಲ್ಲ.

ಗುರುವಾರದ ಹೊತ್ತಿಗೆ ವಿಲ್ಮರ್ ಊರಿನ ಪಿಕಪ್ ಪಂಡಿತನಾಗಿದ್ದ. ಕುದುರೆ ಸಾಗಿಸುವವನೊಬ್ಬ ಮನೆಗೆ ಬಂದು ಸಲಹೆ ಕೇಳಿದ. ದೋಣಿಯವನೊಬ್ಬ ಚರ್ಚಿನ ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳಿದ. ವಿಲ್ಮರ್ ಎಲ್ಲರಿಗೂ "ನಾಳೆ ಹೇಳ್ತೀನಿ" ಎಂದು ಕಳುಹಿಸಿ, ಮನೆಗೆ ಹೋಗಿ ಓದಲು ಕೂತ. ಬಲ್ಲೆ ಎಂದು ಮೊದಲು ಹೇಳಿ ಆಮೇಲೆ ಪಂಡಿತರಾದವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ವಿಲ್ಮರ್ ಮಾತ್ರ ಆಮೇಲೆ ನಿಜವಾಗಿಯೂ ಓದಿದ. ಹಲ್ಲಿನ ಅಚ್ಚು ತೆಗೆಯುವವನ ಶ್ರದ್ಧೆಯಿಂದ, ಮೂರು ವಾರ, ಪೆನ್ಸಿಲ್ ಹಿಡಿದು ಓದಿದ.

ಆಮೇಲೆ ಡುವೇನ್‌ನ ವಾಹನದಂಗಡಿಗೆ ಹೋದ. ಲವೋನ್ ಜೊತೆಗಿದ್ದಳು. ಡುವೇನ್ ಅವರನ್ನು ನೇರ ಒಂದು ಕೆಂಪು ಪಿಕಪ್ಪಿನ ಮುಂದೆ ನಿಲ್ಲಿಸಿದ. ಡೀಸೆಲ್ ಎಂಜಿನ್ನು, ಗಾಜಿನ ಮಾಡು, ಚರ್ಮದ ಸೀಟು, ಆ ಸೀಟಿನಡಿ ಬಿಸಿ ಮಾಡುವ ವ್ಯವಸ್ಥೆ.

"ಹನ್ನೊಂದು ಸಾವಿರ ಪೌಂಡ್ ಎಳೆಯುತ್ತೆ. ನಿಮ್ಮ ಟ್ರೇಲರ್ ಏಳು ಸಾವಿರ. ಇದರ ಹಿಂದೆ ಏನೋ ಇದೆ ಅಂತಾನೇ ನಿಮಗೆ ಗೊತ್ತಾಗಲ್ಲ" ಎಂದ ಡುವೇನ್.

ಲವೋನ್ ಹತ್ತಿ ಕೂತಳು. ಸೀಟು ಬಿಸಿಯಾಯಿತು. ಅವಳ ಸೊಂಟಕ್ಕೆ ಎರಡು ವರ್ಷದಿಂದ ನೋವು. ಕಣ್ಣು ಮುಚ್ಚಿ, "ವಿಲ್ಮರ್, ಇದೇ ಇರಲಿ" ಎಂದಳು.

ವಿಲ್ಮರ್ ಚಾಲಕನ ಬಾಗಿಲು ತೆಗೆದು, ಹಲ್ಲು ನೋಡುವ ಭೂತಗನ್ನಡಿಯನ್ನು ಜೇಬಿನಿಂದ ತೆಗೆದು, ಬಾಗಿಲಂಚಿನ ಸ್ಟಿಕರನ್ನು ಓದುತ್ತಿದ್ದ.

"ಎಳೆಯೋದು ಹನ್ನೊಂದು ಸಾವಿರ. ಸರಿ. ಹೊರೋದು ಎಷ್ಟು?"

"ಎಳೆಯೋದೂ ಹೊರೋದೂ ಒಂದೇ ಅಲ್ವಾ?"

"ಕುದುರೆ ಗಾಡಿ ಎಳೆಯುತ್ತೆ ಡುವೇನ್. ಗಾಡೀನ ಬೆನ್ನ ಮೇಲೆ ಹೊತ್ಕೊಂಡು ಹೋಗುತ್ತಾ? ಇಲ್ಲಿ ಬರೆದಿದೆ ನೋಡು. ಜನ, ಸಾಮಾನು, ಟ್ರೇಲರ್ ನಾಲಿಗೆ ಎಲ್ಲಾ ಸೇರಿ ಸಾವಿರದ ಮುನ್ನೂರ ಎಂಬತ್ತು ಪೌಂಡು. ಅಷ್ಟೇ."

"ಡೀಸೆಲ್ ಎಂಜಿನ್ ಸ್ವಲ್ಪ ಭಾರ. ಗಾಜು, ಸೀಟು ಅದೂ ಇದೂ... ಎಲ್ಲಾ ನಿಮ್ಮ ಸುಖಕ್ಕೇ ಹಾಕಿರೋದು."

"ಸುಖಾನೇ ಇನ್ನೂರು ಪೌಂಡ್ ತಿಂದುಹಾಕಿದೆ" ಎಂದು ವಿಲ್ಮರ್ ಬರೆದುಕೊಂಡ.

ಅರ್ಧ ಗಂಟೆ ಕಳೆದರೂ ಲವೋನ್ ಸೀಟಿನಿಂದ ಇಳಿಯಲಿಲ್ಲ.

ಮನೆಗೆ ಬಂದು ವಿಲ್ಮರ್ ಕೂಡಿಸಿ ಕಳೆದ. ನಾಲಿಗೆಯ ಭಾರ ಎಂಟುನೂರ ಅರವತ್ತು. ಕೊಂಡಿಯ ಕಬ್ಬಿಣ ತೊಂಬತ್ತು. ತಾನು ನೂರ ನಲವತ್ತೆಂಟು. ಹುಲ್ಡಾ ಕೇಳಿದ ತಕ್ಷಣ ಹೇಳಿದಳು: "ನೂರ ಮೂರು. ನೀನು ಮಾಡಿಕೊಟ್ಟ ಹಲ್ಲು ಸೇರಿ." ಎಲ್ಲ ಕಳೆದು ಉಳಿದದ್ದು ನೂರ ಎಪ್ಪತ್ತೊಂಬತ್ತು ಪೌಂಡು, ಅಂದರೆ ಎಂಬತ್ತೊಂದು ಕಿಲೋ. ಅದರೊಳಗೆ ಲವೋನ್ ಹಿಡಿಯಬೇಕು. ಅವಳ ಕೈಚೀಲವೂ ಹಿಡಿಯಬೇಕು. ಬಿಟ್ಟು ಬರುವುದಿಲ್ಲ ಎಂದು ಹುಲ್ಡಾ ಹಟ ಹಿಡಿದಿದ್ದ ಎರಡು ಬೀಡುಕಬ್ಬಿಣದ ಬಾಣಲೆಗಳೂ ಹಿಡಿಯಬೇಕು.

ಮಾರನೆಯ ದಿನ ತಿಂಡಿಯ ಹೊತ್ತಿನಲ್ಲಿ ವಿಲ್ಮರ್ ಮೆಲ್ಲಗೆ ಶುರುಮಾಡಿದ.

"ಲವೋನ್, ಒಂದು ಸಣ್ಣ ವಿಷಯ. ನಿನ್ನ ತೂಕ ಎಷ್ಟು?"

ಲವೋನ್ ಜಾಮಿನ ಶೀಶೆಗೆ ಮುಚ್ಚಳ ಹಾಕಿ ತಿರುಗಿಸಿದಳು. ಆ ಮುಚ್ಚಳವನ್ನು ಆಮೇಲೆ ಯಾರಿಂದಲೂ ತೆಗೆಯಲಾಗಲಿಲ್ಲ.

"ನಲವತ್ತೊಂದು ವರ್ಷದಿಂದ ನಿನ್ನಿಂದ ಮುಚ್ಚಿಟ್ಟಿರೋದು ನನ್ನ ಹತ್ರ ಒಂದೇ ಒಂದಿದೆ. ಅದು ನನ್ನ ಜೊತೇನೇ ಮಣ್ಣಿಗೆ ಹೋಗಲಿ."

ಯಾಕೆ ಕೇಳಿದೆ ಎಂದು ವಿವರಿಸಲು ವಿಲ್ಮರ್ ಹೋಗಲಿಲ್ಲ. ನೀನು ನೂರ ಎಪ್ಪತ್ತೊಂಬತ್ತಕ್ಕಿಂತ ಕಡಿಮೆ ಇದ್ದರೆ ಕೆಂಪು ಪಿಕಪ್ಪು, ಇಲ್ಲದಿದ್ದರೆ ಇಲ್ಲ ಎಂದು ಹೆಂಡತಿಗೆ ಹೇಳಬಾರದು ಎನ್ನುವಷ್ಟು ಲೋಕಜ್ಞಾನ ಹಲ್ಲು ಮಾಡುವವರಿಗೂ ಇರುತ್ತದೆ. ಆದರೆ ಕೈಬಿಡುವವನೂ ಅವನಲ್ಲ. ಸೀದಾ ಲೈಸೆನ್ಸು ಕೊಡುವ ಕೌಂಟಿ ಕಚೇರಿಗೆ ಹೋದ. ನಮ್ಮಲ್ಲಿ ಡ್ರೈವಿಂಗ್ ಲೈಸೆನ್ಸಿನ ಮೇಲೆ ತೂಕ ಬರೆದಿರುತ್ತದೆ. ಲವೋನ್ ತನ್ನ ಲೈಸೆನ್ಸನ್ನು ಅವನ ಕೈಗೆ ಸಿಗದಂತೆ ಇಟ್ಟಿದ್ದಳು. ಕಚೇರಿಯ ದಾಖಲೆಯಲ್ಲಿ ಇರಲೇಬೇಕಲ್ಲ.

ಕಿಟಕಿಯಲ್ಲಿ ಕೂತಿದ್ದವಳು ಮಾರ್ವಾ. ಚರ್ಚಿನ ಹಾಡಿನ ಗುಂಪಿನಲ್ಲಿ ಲವೋನಳ ಪಕ್ಕ ನಿಂತು ಹಾಡುವವಳು.

"ಇನ್ನೊಬ್ಬರ ವಿವರ ಕೊಡೋ ಹಾಗಿಲ್ಲ ವಿಲ್ಮರ್."

"ಪೂರ್ತಿ ಬೇಡ ಮಾರ್ವಾ. ತೂಕ ಒಂದೇ ಸಾಕು."

"ಹೆಂಡತಿ ತೂಕ ತಗೊಂಡು ಏನು ಮಾಡ್ತೀಯ?"

ವಿಲ್ಮರ್ ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದ. "ಆಗಸ್ಟ್‌ನಲ್ಲಿ ಹೊರಡೋದಿದೆ. ಭಾರ ಎಷ್ಟು ಅಂತ ಮೊದಲೇ ಗೊತ್ತಿರಬೇಕು. ಹೊರೋದಕ್ಕೆ ಆಗುತ್ತೋ ಇಲ್ವೋ ನೋಡ್ಕೋಬೇಕಲ್ಲ."

ಮಾರ್ವಾಳ ಕೈಯಲ್ಲಿದ್ದ ಮೊಹರು ಅಲ್ಲೇ ನಿಂತಿತು. "ಲವೋನ್‌ಗೆ ಗೊತ್ತಾ?"

"ಅವಳಿಗೆ ಹೇಳಬೇಡ. ಈಗ ಖುಷಿಯಾಗಿದ್ದಾಳೆ. ಇರೋಷ್ಟು ದಿನ ಹಾಗೇ ಇರಲಿ ಅಂತ."

ಅವನು ಹೇಳಿದ್ದು ಬಿಸಿ ಸೀಟಿನ ಖುಷಿಯ ವಿಷಯ. ಮಾರ್ವಾ ಕನ್ನಡಕ ತೆಗೆದು ಒರೆಸಿಕೊಂಡಳು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮುರಿಯದಿದ್ದ ನಿಯಮವನ್ನು ಮುರಿದು, ಒಂದು ಚೀಟಿಯ ಮೇಲೆ ಅಂಕಿ ಬರೆದು ಕಿಟಕಿಯಡಿ ತಳ್ಳಿದಳು. ನೂರ ಇಪ್ಪತ್ತೆಂಟು.

ವಿಲ್ಮರ್ ಅದನ್ನು ಬಹಳ ಹೊತ್ತು ನೋಡಿದ. "ಇದು ಯಾವ ಕಾಲದ್ದು?"

"ಅವಳು ಮೊದಲನೇ ಸಲ ಲೈಸೆನ್ಸ್ ಮಾಡಿಸಿದಾಗ ಹೇಳಿದ್ದು. ಆಮೇಲೆ ಯಾರೂ ಬದಲಾಯಿಸಲ್ಲ. ನಾನೂ ಬದಲಾಯಿಸಿಲ್ಲ."

"ಇದನ್ನ ನಂಬಿ ಹೊರೋಕಾಗಲ್ಲ" ಎಂದು ನಿಟ್ಟುಸಿರು ಬಿಟ್ಟು ವಿಲ್ಮರ್ ಹೊರಟ. ಅವನ ಬೆನ್ನು ಬಾಗಿಲು ದಾಟುವ ಮೊದಲೇ ಮಾರ್ವಾ ಫೋನೆತ್ತಿದ್ದಳು.

ನಮ್ಮ ಊರಲ್ಲಿ ಯಾರಾದರೂ ತೀರಿಕೊಂಡರೆ, ಅಥವಾ ತೀರಿಕೊಳ್ಳುವಂತಿದ್ದರೆ, ಆ ಮನೆಗೆ ಗಾಜಿನ ಪಾತ್ರೆಯಲ್ಲಿ ಊಟ ಹೋಗುತ್ತದೆ. ಆಲೂಗಡ್ಡೆ, ಕೀಮಾ, ಮೇಲೆ ಬೆರಳುದ್ದ ಚೀಸು, ಓವನ್ನಿನಲ್ಲಿ ಕೆಂಪಗೆ ಬೇಯಿಸಿದ್ದು. ಮರುದಿನ ಮಧ್ಯಾಹ್ನ ಮೊದಲ ಪಾತ್ರೆ ತಂದವಳು ಎದುರುಮನೆಯ ಇರ್ಮಾ. ಲವೋನಳ ಕೈ ಹಿಡಿದು, "ಧೈರ್ಯವಾಗಿರು. ಪಾಪ, ವಿಲ್ಮರನ್ನ ನೋಡಿದರೆ ಕರುಳು ಚುರುಕ್ ಅನ್ನುತ್ತೆ" ಎಂದಳು. ಸಂಜೆಯೊಳಗೆ ಇನ್ನೂ ಮೂರು ಬಂದವು. ಮೂರು ದಿನದಲ್ಲಿ ಒಂಬತ್ತು.

ಲವೋನ್ ದಡ್ಡಿಯಲ್ಲ. ಊಟ ಯಾವ ಕಾರಣಕ್ಕೆ ಬರುತ್ತದೆ ಎಂದು ಅವಳಿಗೆ ಗೊತ್ತು. ತಾನು ಕಲ್ಲುಗುಂಡಿನ ಹಾಗಿದ್ದೇನೆ. ಅಮ್ಮ ದಿನಕ್ಕೆರಡು ಸಲ ಜಗಳವಾಡುವಷ್ಟು ಗಟ್ಟಿಯಾಗಿದ್ದಾಳೆ. ಹಾಗಾದರೆ ಉಳಿದವನು ವಿಲ್ಮರ್. ಗಮನಿಸಿ ನೋಡಿದಳು. ಒಂದು ತಿಂಗಳಿಂದ ಏನೋ ಲೆಕ್ಕ ಬರೆಯುತ್ತಾನೆ, ನಿಟ್ಟುಸಿರು ಬಿಡುತ್ತಾನೆ, ಚೀಸು ಮುಟ್ಟುವುದಿಲ್ಲ, ನಾಲ್ಕು ಪೌಂಡು ಇಳಿದಿದ್ದಾನೆ. ಪಿಕಪ್ಪಿಗೆ ನಾಲ್ಕು ಪೌಂಡಾದರೂ ಉಳಿಯಲಿ ಎಂದು ಅವನು ಊಟ ಬಿಟ್ಟದ್ದು ಅವಳಿಗೇನು ಗೊತ್ತು. ಇವನು ಕಾಯಿಲೆಯನ್ನು ತನ್ನಿಂದ ಮುಚ್ಚಿಡುತ್ತಿದ್ದಾನೆ, ಊರಿಗೆಲ್ಲ ಹೇಳಿದ್ದಾನೆ ಎಂದು ತೀರ್ಮಾನಿಸಿದಳು. ಅಳಲಿಲ್ಲ. ದುಃಖಕ್ಕೆ ಅವಳು ಒಂದೊಂದೇ ಪಾತ್ರೆ ಖಾಲಿ ಮಾಡತೊಡಗಿದಳು.

ವಿಲ್ಮರ್ ಅದನ್ನು ಎದುರು ಕೂತು ನೋಡುತ್ತಿದ್ದ. ಅವಳು ಚಮಚ ಎತ್ತಿದಾಗೆಲ್ಲ ಕೆಂಪು ಪಿಕಪ್ಪಿನ ಹಿಂದಿನ ಸ್ಪ್ರಿಂಗು ಕುಸಿಯುವುದು ಅವನ ಕಣ್ಣಿಗೆ ಕಟ್ಟುತ್ತಿತ್ತು. "ಇನ್ನು ಸಾಕೇನೋ" ಎಂದರೆ ಅವಳು, "ನೀನು ನನ್ನ ಚಿಂತೆ ಬಿಡು. ನಿನಗೆ ಚಪ್ಪಲಿ ತಂದುಕೊಡಲಾ?" ಎನ್ನುವಳು. ನಲವತ್ತೊಂದು ವರ್ಷದಲ್ಲಿ ಅವಳು ಅವನಿಗೆ ಚಪ್ಪಲಿ ತಂದುಕೊಟ್ಟದ್ದಿಲ್ಲ. ಮೆತ್ತಗಾಗುತ್ತಿದ್ದಾಳೆ, ಇನ್ನೆರಡು ದಿನದಲ್ಲಿ ತೂಕ ಹೇಳುತ್ತಾಳೆ ಎಂದು ವಿಲ್ಮರ್ ಆಸೆಪಟ್ಟ.

ಶುಕ್ರವಾರ ಪಾಸ್ಟರ್ ಎವರ್ಟ್ ಬಂದರು. ವಿಲ್ಮರ್ ಮನೆಯ ಮೆಟ್ಟಿಲ ಮೇಲೆ ಕೂತು, ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ಹುಲ್ಡಾಳ ಬಾಣಲೆ ಇಟ್ಟು ತೂಗುತ್ತಿದ್ದ. ದುಃಖದಲ್ಲಿರುವವರು ಏನೇನೋ ಮಾಡುವುದನ್ನು ಪಾಸ್ಟರ್ ನೋಡಿದ್ದರು. ಪಕ್ಕದಲ್ಲಿ ಕೂತರು.

"ಸಿದ್ಧತೆ ಹೇಗೆ ನಡೀತಿದೆ ವಿಲ್ಮರ್?"

"ಪರವಾಗಿಲ್ಲ ಪಾಸ್ಟರ್. ಗಾಡಿ ಒಂದು ನಿಶ್ಚಯವಾಗಿಲ್ಲ."

"ಗಾಡಿ ಎಲ್ಲಾ ಅವರೇ ತರ್ತಾರಲ್ಲ. ನೀನು ತಲೆ ಕೆಡಿಸ್ಕೋಬೇಡ" ಎಂದರು ಪಾಸ್ಟರ್, ಶವದ ಗಾಡಿಯ ನೆನಪಿನಲ್ಲಿ.

"ಅವರು ತೋರಿಸೋದು ನನಗೆ ಹಿಡಿಸಲಿಲ್ಲ. ಕೆಂಪು ಬಣ್ಣ, ಮೇಲೆ ಗಾಜು, ಕೆಳಗೆ ಬಿಸಿ. ಆದರೆ ಲವೋನ್‌ಗೆ ಇಷ್ಟ ಆಗಿಬಿಟ್ಟಿದೆ. ಒಳಗೆ ಹತ್ತಿ ನೋಡಿದಳು."

"ಅವಳೇ ಹತ್ತಿ ನೋಡಿದಳಾ?"

"ಅರ್ಧ ಗಂಟೆ. ಕಣ್ಣು ಮುಚ್ಚಿಕೊಂಡಿದ್ದಳು. ಇಳಿಯೋಕೇ ಒಪ್ಪಲಿಲ್ಲ."

"ಡಾಕ್ಟರು ಯಾವಾಗ ಅಂತ ಏನಾದರೂ ಹೇಳಿದಾರಾ?"

"ಡಾಕ್ಟರನ್ನ ಯಾಕೆ ಕೇಳಬೇಕು? ಆಗಸ್ಟ್ ಮೊದಲನೇ ಸೋಮವಾರ, ಬೆಳಿಗ್ಗೆ ಏಳಕ್ಕೆ. ತಿಂಡಿ ಮುಗಿಸ್ಕೊಂಡು ಹೊರಡೋದು. ಅತ್ತೇನೂ ಜೊತೇಲೇ ಬರ್ತಾರೆ."

ಪಾಸ್ಟರ್ ಎದ್ದು ನಿಂತು, ವಿಲ್ಮರನ ತಲೆಯ ಮೇಲೆ ಕೈಯಿಟ್ಟು ಹತ್ತು ನಿಮಿಷ ಪ್ರಾರ್ಥನೆ ಮಾಡಿದರು. ಒಂದು ಪಿಕಪ್ಪಿಗೆ ಇಷ್ಟುದ್ದ ಬೇಕಿರಲಿಲ್ಲ ಎನಿಸಿದರೂ ವಿಲ್ಮರ್ ಕೊನೆಯಲ್ಲಿ ಆಮೆನ್ ಎಂದ. ಪಾಸ್ಟರ್ ಮನೆಗೆ ಹೋದವರೇ ರೋಲಿನ್‌ಗೆ ಫೋನು ಮಾಡಿ, ನಿನ್ನ ಅಕ್ಕನನ್ನು ಬಂದು ನೋಡು, ಭಾವನಿಗೆ ತಲೆ ನೆಟ್ಟಗಿಲ್ಲ ಎಂದರು.

ಶನಿವಾರ ಬೆಳಿಗ್ಗೆ ನಾನು ಹೆಂಡತಿ ಕೊಟ್ಟ ಹತ್ತನೇ ಪಾತ್ರೆ ಹಿಡಿದುಕೊಂಡು ಆ ಮನೆಯ ಹಜಾರದಲ್ಲಿ ನಿಂತಿದ್ದೆ. ಆದ್ದರಿಂದ ಮುಂದಿನದು ಕಣ್ಣಾರೆ ಕಂಡದ್ದು. ರೋಲಿನ್ ಬಾಗಿಲು ತಟ್ಟದೆ ಒಳಗೆ ಬಂದ. ಎರಡು ಆಳು ತೂಕದ ಮನುಷ್ಯ, ಮುಖವೆಲ್ಲ ಒದ್ದೆ. ನೇರ ಹೋಗಿ ಲವೋನಳನ್ನು ತಬ್ಬಿಕೊಂಡ.

"ಅಕ್ಕಾ, ನನ್ನ ಕ್ಷಮಿಸಿಬಿಡು. ಚಿಕ್ಕವನಿದ್ದಾಗ ನಿನ್ನ ಸೈಕಲ್ ಕಾಲುವೆಗೆ ಹಾಕಿದ್ದು ನಾನೇ. ಹೋಗೋಕೆ ಮುಂಚೆ ಒಂದು ಮಾತು ಕ್ಷಮಿಸಿದೆ ಅನ್ನು."

"ಎಲ್ಲಿಗೆ ಹೋಗೋಕೆ?" ಎಂದಳು ಲವೋನ್. "ಹೋಗ್ತಿರೋದು ವಿಲ್ಮರ್."

"ನಾನಾ?" ಎಂದ ವಿಲ್ಮರ್.

"ಇನ್ನು ಮುಚ್ಚಿಡಬೇಡ. ಊರಿಗೆಲ್ಲ ಗೊತ್ತಾಗಿದೆ. ನನಗೊಬ್ಬಳಿಗೆ ಹೇಳಿಲ್ಲ ನೀನು." ಈಗ ಅವಳಿಗೂ ಅಳು ಬಂತು.

"ಭಾವ ಸಾಯ್ತಿದ್ದಾನಾ? ಪಾಸ್ಟರು ನೀನು ಅಂದರು" ಎಂದ ರೋಲಿನ್.

"ನಾನು ಯಾಕೆ ಸಾಯಲಿ?" ಎಂದಳು ಲವೋನ್.

"ನೀನು ಶವಪೆಟ್ಟಿಗೆ ಹೊರೋರಿಗೆ ಅಂತ ಅಕ್ಕನ ತೂಕ ಕೇಳಿದ್ದೀಯಂತಲ್ಲ ಕೌಂಟಿ ಆಫೀಸಲ್ಲಿ" ಎಂದು ರೋಲಿನ್ ಭಾವನ ಕಡೆ ತಿರುಗಿದ.

ಎಲ್ಲರೂ ವಿಲ್ಮರನನ್ನು ನೋಡಿದರು. ಅವನು ಕಿಸೆಯಿಂದ ಮೂರು ವಾರದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟು ಮೊದಲಿನಿಂದ ಕೊನೆಯವರೆಗೆ ವಿವರಿಸಿದ. ಸ್ಟಿಕರು, ನಾಲಿಗೆ, ಬಾಣಲೆ, ಕೊನೆಗೆ ನೂರ ಎಪ್ಪತ್ತೊಂಬತ್ತು.

"ಹಾಗಾದರೆ ಮೂರು ದಿನದಿಂದ ನಾನು ತಿಂದಿದ್ದು ನನ್ನ ಸಾವಿನ ಊಟಾನಾ?" ಎಂದಳು ಲವೋನ್.

"ಚೆನ್ನಾಗಿತ್ತು" ಎಂದಳು ಹುಲ್ಡಾ ಕುರ್ಚಿಯಿಂದ. "ಇರ್ಮಾ ತಂದಿದ್ದಕ್ಕೆ ಉಪ್ಪು ಕಡಿಮೆ."

ಲವೋನ್ ಆ ಅಂಕಿಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಯೋಚಿಸಿದಳು. ಅವಳು ಯೋಚಿಸಿದ್ದೇ ಉತ್ತರವಾಗಿತ್ತು. ಆದರೆ ಆ ಉತ್ತರ ತಮಗೆ ಅರ್ಥವಾಯಿತು ಎಂದು ತೋರಿಸಿಕೊಳ್ಳುವಷ್ಟು ಮೂರ್ಖರು ಆ ಹಜಾರದಲ್ಲಿ ಯಾರೂ ಇರಲಿಲ್ಲ. ರೋಲಿನ್ ಒಬ್ಬನನ್ನು ಬಿಟ್ಟು.

"ಅಂದರೆ ಕೆಂಪು ಗಾಡಿ ಆಗಲ್ಲ ಅಂತಾಯ್ತು" ಎಂದ ಅವನು. "ಸುಮ್ಮನೆ ನನ್ನ ಡೀಸೆಲ್ಲಿಗೆ ಕಟ್ಟಿಬಿಡಿ. ವಿಲ್ಮರ್ ಕೈಲಿ ಇದೆಲ್ಲ ಆಗೋ ಕೆಲಸ ಅಲ್ಲ."

ವಿಲ್ಮರ್ ಪುಸ್ತಕ ಮುಚ್ಚಿದ. ನಲವತ್ತು ವರ್ಷದ ಪರಿಚಯದಲ್ಲಿ ಅವನು ದನಿ ಎತ್ತಿದ್ದನ್ನು ನಾನು ಕೇಳಿಲ್ಲ, ಆಗಲೂ ಎತ್ತಲಿಲ್ಲ.

"ನಾನು ಯಾರ ತೂಕಾನೂ ಕೇಳಬೇಕಾಗಿಲ್ಲದಂಥ ಗಾಡಿ ತಗೋತೀನಿ" ಎಂದ. "ಲವೋನ್ ಹತ್ತಲಿ, ಅತ್ತೆ ಹತ್ತಲಿ, ಬಾಣಲೆ ನಾಲ್ಕು ಹತ್ತಲಿ. ಒಂದು ಪ್ರಶ್ನೆ ಕೇಳಲ್ಲ."

ಕೊಂಡೂ ಕೊಂಡ. ನೀರಾವರಿ ಇಲಾಖೆಯವರು ಆರು ವರ್ಷ ಓಡಿಸಿ ಮಾರಿದ ಬಿಳಿ ಪಿಕಪ್ಪು. ಕೆಂಪಿನದಕ್ಕಿಂತ ಒಂದು ಮಟ್ಟ ದಪ್ಪ ಸ್ಪ್ರಿಂಗು. ನೆಲಕ್ಕೆ ರಬ್ಬರು, ಸೀಟಿಗೆ ಬಟ್ಟೆ, ಮಾಡಿಗೆ ತಗಡು. ಎಂಜಿನ್ನು ದೊಡ್ಡ ಪೆಟ್ರೋಲಿನದು, ಡೀಸೆಲ್ಲಿಗಿಂತ ಹಗುರ, ಅದರಿಂದ ಉಳಿದ ಭಾರವೆಲ್ಲ ಹೊರುವುದಕ್ಕೆ. ಬಾಗಿಲಂಚಿನ ಸ್ಟಿಕರಿನಲ್ಲಿ ಮೂರು ಸಾವಿರದ ಇನ್ನೂರು.

ಲವೋನ್ ಸುತ್ತು ಹಾಕಿ ನೋಡಿದಳು. "ಸೀಟು ಬಿಸಿಯಾಗಲ್ಲ."

"ಆಗಸ್ಟ್‌ನಲ್ಲಿ ತಾನಾಗೇ ಆಗುತ್ತೆ" ಎಂದ ವಿಲ್ಮರ್. ಒಂದು ಒಳ್ಳೆಯ ದಿಂಬನ್ನೂ ಅವನು ಕೊಂಡಿಟ್ಟಿದ್ದ.

ಜುಲೈ ಮಧ್ಯದಲ್ಲಿ, ಗೋಧಿ ಕೊಯ್ಲಿನ ನಡುವೆ, ವಿಲ್ಮರ್ ಪಿಕಪ್ಪಿಗೆ ಟ್ರೇಲರ್ ಕಟ್ಟಿಕೊಂಡು, ಎಲ್ಲರನ್ನೂ ಹತ್ತಿಸಿಕೊಂಡು ನನ್ನ ವೇಬ್ರಿಡ್ಜಿಗೆ ಬಂದ. ಹಿಂದೆ ಏಳು ಗೋಧಿ ಲಾರಿಗಳು ಸಾಲು ನಿಂತಿದ್ದವು. ರೋಲಿನ್ ನೋಡಿ ನಗಲೆಂದೇ ಬಂದಿದ್ದ. ಲವೋನ್ ಮಡಿಲಲ್ಲಿ ಎರಡು ಬಾಣಲೆ, ಒಂದು ಚೀಲ ಆಲೂಗಡ್ಡೆ, ಪೀಚ್ ಹಣ್ಣಿನ ನಾಲ್ಕು ಶೀಶೆ ಇಟ್ಟುಕೊಂಡಿದ್ದಳು. ತನ್ನ ತೂಕವನ್ನು ಯಾರೂ ಕಳೆದು ಕಂಡುಹಿಡಿಯಬಾರದು ಎಂದು. ನಾನು ಗಾಲಿಗಳ ಮೇಲಿನ ತೂಕವನ್ನು ಬೇರೆ ಬೇರೆಯಾಗಿ ಓದಿ ಕಿಟಕಿಯಿಂದ ಹೇಳಿದೆ: ಪಿಕಪ್ಪು ಎಲ್ಲ ಹೊತ್ತ ಮೇಲೂ ಇನ್ನೂ ಸಾವಿರದ ಏಳುನೂರು ಹೊರಬಲ್ಲದು.

"ಈಗ ರೋಲಿನ್‌ದು ನಿಲ್ಲಿಸಿ" ಎಂದಳು ಹುಲ್ಡಾ ಕಿಟಕಿಯಿಂದ.

"ನನ್ನದು ಯಾಕಮ್ಮ? ನನ್ನದು ಡೀಸೆಲ್ಲು."

"ನಿಲ್ಲಿಸು ಅಂದೆ."

ಲಾರಿಯವರೂ ಇಳಿದು ಬಂದರು. ರೋಲಿನ್ ಪಿಕಪ್ ಕಟ್ಟೆಯ ಮೇಲೆ ಹತ್ತಿತು. ಅದಕ್ಕೆ ಅವನು ಎಣ್ಣೆಯ ಎರಡನೇ ಟ್ಯಾಂಕು, ಉಕ್ಕಿನ ಪೆಟ್ಟಿಗೆ, ಪೆಟ್ಟಿಗೆ ತುಂಬ ಸಲಕರಣೆ, ಮುಂದೆ ಹಂದಿಗೂಡಿನಂಥ ಕಂಬಿ, ಎಲ್ಲ ಹಾಕಿಸಿದ್ದ. ನಾನು ತೂಕ ಓದಿದೆ, ವಿಲ್ಮರ್ ಬಾಗಿಲು ತೆಗೆದು ಭೂತಗನ್ನಡಿಯಲ್ಲಿ ಸ್ಟಿಕರ್ ಓದಿದ, ಕಳೆದ, ಇನ್ನೊಂದು ಸಲ ಕಳೆದ.

"ಇನ್ನು ನಾನೂರ ಹತ್ತು ಪೌಂಡ್ ಹೊರುತ್ತೆ. ಟ್ರೇಲರ್ ನಾಲಿಗೆ ಒಂದೇ ಎಂಟುನೂರ ಅರವತ್ತು" ಎಂದ. ಗೆದ್ದ ದನಿಯಲ್ಲಿ ಅಲ್ಲ. ಹಲ್ಲು ಕೀಳಬೇಕು ಎಂದು ರೋಗಿಗೆ ತಿಳಿಸುವವನ ದನಿಯಲ್ಲಿ. "ಎಂಜಿನ್‌ಗೆ ಶಕ್ತಿ ಇದೆ ರೋಲಿನ್. ಬೆನ್ನಿಗಿಲ್ಲ."

"ನಿನ್ನ ನಾಲಿಗೆ ಭಾರಾನೇ ಅದು ಹೊರಲಾರದು" ಎಂದಳು ಹುಲ್ಡಾ ಮಗನಿಗೆ. ಏಳು ಲಾರಿಯವರೂ ನಕ್ಕರು. ಅದರಲ್ಲಿ ಮೂರು ನಗೆ ವಿಲ್ಮರ್ ಮಾಡಿಕೊಟ್ಟವು.

ಹೇಳಿದ ಸೋಮವಾರ, ಹೇಳಿದ ಏಳು ಗಂಟೆಗೆ, ತಿಂಡಿ ತಿಂದು ಅವರು ಹೊರಟರು. ನಾಲ್ಕು ದಿನದ ಪ್ರವಾಸ. ಶುಕ್ರವಾರ ಬರಬೇಕು. ಶುಕ್ರವಾರ ಬರಲಿಲ್ಲ. ಮುಂದಿನ ಶುಕ್ರವಾರವೂ ಬರಲಿಲ್ಲ. ಲವೋನ್‌ನಿಂದ "ಚೆನ್ನಾಗಿದ್ದೀವಿ" ಎಂದು ಎರಡು ಸಲ ಸಂದೇಶ ಬಂತು, ಎಲ್ಲಿ ಎಂದು ಹೇಳಿರಲಿಲ್ಲ. ಹದಿಮೂರನೇ ದಿನ ಮಧ್ಯಾಹ್ನ ನನ್ನ ಕೋಣೆಯ ಫೋನು ರಿಂಗಾಯಿತು.

"ನಾನು ವಿಲ್ಮರ್. ಒಂದು ವಿಷಯ ಕೇಳಬೇಕಿತ್ತು."

"ಎಲ್ಲಿದ್ದೀಯೋ ಮಾರಾಯ? ಕುರಿ ಬಿಡಾರ ಸಿಕ್ತಾ?"

"ಎರಡನೇ ದಿನಾನೇ ಸಿಕ್ತು. ಏರಿನಲ್ಲಿ ಎಂಜಿನ್ನು ಗೂಳಿ ಹಾಗೆ ಕೂಗಿತು, ನಿಲ್ಲಲಿಲ್ಲ. ಬಿಡಾರದಲ್ಲಿ ಒಲೆಯ ಕಲ್ಲು ಮೂರು ಉಳಿದಿವೆ. ಅತ್ತೆ ಅಲ್ಲೇ ಬೆಂಕಿ ಹಾಕಿ ಆಲೂಗಡ್ಡೆ ಹುರಿದು ಬಡಿಸಿದರು. ಅವರು ಹಾಗೆ ನಕ್ಕಿದ್ದು ನಾನು ನೋಡೇ ಇರಲಿಲ್ಲ. ಆಮೇಲೆ ವಾಪಸು ಬರೋಣ ಅಂತ ಗಾಡಿ ಹತ್ತಿದೆ. ಆಗ ಗೊತ್ತಾಯ್ತು."

"ಏನು ಗೊತ್ತಾಯ್ತು?"

"ಟ್ರೇಲರ್ ಕಟ್ಟಿಕೊಂಡು ಹಿಂದಕ್ಕೆ ತಗೊಳ್ಳೋದು ಹೇಗೆ ಅಂತ ನಾನು ಓದಿಲ್ಲ. ನಾನು ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತೆ. ಅಲ್ಲಿ ತಿರುಗಿಸೋಕೆ ಜಾಗ ಇರಲಿಲ್ಲ. ಬೆಟ್ಟದ ಆ ಕಡೆ ಇಳಿದು ಸುತ್ತಿ ಬರೋಣ ಅಂತ ಹೊರಟೆ. ಅಲ್ಲಿ ನದಿ ಸಿಕ್ತು. ಸೇತುವೆ ದಾಟಿದೆ. ಮುಂದೆ ಇನ್ನೊಂದು ಬೆಟ್ಟ. ಅತ್ತೆ ಅದರಾಚೆ ಏನಿದೆ ನೋಡೋಣ ಅಂದರು. ಹೀಗೇ ಮುಂದೆ ಮುಂದೆ ಬಂದೆ."

"ಈಗ ಎಲ್ಲಿದ್ದೀಯ?"

"ಒರೆಗಾನ್‌ನಲ್ಲಿ. ದೇಶದ ಪಶ್ಚಿಮ ತುದಿ. ಮುಂದೆ ಸಮುದ್ರ ಬಂದುಬಿಟ್ಟಿದೆ. ರಸ್ತೆ ಮುಗೀತು."

ಕಿಟಕಿಯಾಚೆ ಲಾರಿಯೊಂದು ಹಾರ್ನ್ ಹೊಡೆಯುತ್ತಿತ್ತು. ನಾನು ಅದನ್ನು ಕಾಯಲು ಬಿಟ್ಟೆ. "ಸರಿ, ಕೇಳಿಸ್ಕೋ. ಸ್ಟಿಯರಿಂಗಿನ ಕೆಳಭಾಗ ಹಿಡ್ಕೋ. ಟ್ರೇಲರಿನ ಬಾಲ ಯಾವ ಕಡೆ ಹೋಗಬೇಕೋ ಕೈಯನ್ನ ಆ ಕಡೆಗೇ ಸರಿಸು. ನಿಧಾನವಾಗಿ. ಬರ್ಕೊಂಡೆಯಾ?"

"ತಡಿ, ಪೆನ್ಸಿಲ್ ತಗೋತೀನಿ" ಎಂದ. ಆಚೆ ಏನೋ ಹೆಂಗಸರ ಮಾತು ಕೇಳಿಸಿತು, ಅಲೆಗಳ ಸದ್ದಿನ ನಡುವೆ ಸರಿಯಾಗಿ ಕೇಳಲಿಲ್ಲ. ಬಹಳ ಹೊತ್ತಾದ ಮೇಲೆ ವಿಲ್ಮರ್ ಮತ್ತೆ ಫೋನಿಗೆ ಬಂದ.

"ಆತುರ ಇಲ್ಲವಂತೆ" ಎಂದ. "ಅತ್ತೆ ಕಾಲುಚೀಲ ಬಿಚ್ಚಿ ನೀರಿಗೆ ಇಳಿದಿದ್ದಾರೆ. ಲವೋನ್ ಅವರ ಕೈ ಹಿಡ್ಕೊಂಡು ನಿಂತಿದ್ದಾಳೆ. ನೀನು ಹೇಳಿಕೊಡೋದನ್ನ ನಾಡಿದ್ದು ಹೇಳಿಕೊಟ್ಟರೆ ಸಾಕಂತೆ."